ಲೈಡನ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರದ ಉನ್ನತ ವ್ಯಾಸಂಗ

ನೆದರ್ಲೆಂಡ್ಸ್ ದೇಶದ ದಕ್ಷಿಣ ಹಾಲೆಂಡ್ ಪ್ರಾಂತದಲ್ಲಿ, ಹಳೆಯ ರೈನ್ ನದಿಯ ದಂಡೆಗಳ ಮೇಲೆ, ಹೇಗ್ ನಗರಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಲೈಡನ್ ಪಟ್ಟಣದ ವಿಶ್ವವಿದ್ಯಾನಿಲಯವು 1575ರಲ್ಲಿ ಸ್ಥಾಪಿತವಾಗಿ, ಆ ದೇಶದ ವಿದ್ಯಾಪೀಠಗಳಲ್ಲೆಲ್ಲ ಹಿರಿಯದೆನಿಸಿದೆ. ಅದರ ನ್ಯಾಯಶಾಸ್ತ್ರ ವಿಭಾಗದಲ್ಲಿ ಸ್ನಾತಕ ಪದವಿಯನ್ನು ಮುಗಿಸಿ ಬಂದವರಿಗೆ ಎರಡು ಮೆಟ್ಟಿಲುಗಳುಂಟು: ಒಂದು ವರ್ಷದ ವ್ಯಾಸಂಗದಿಂದ ಲಭಿಸುವ ಎಲ್ಎಲ್.ಎಂ. ಎಂಬ ಸ್ನಾತಕೋತ್ತರ ಪದವಿ, ಮತ್ತು ಹಲವು ವರ್ಷಗಳ ಸಂಶೋಧನೆಯ ಫಲವಾದ ಮಹಾಪ್ರಬಂಧವನ್ನು ಬಹಿರಂಗ ಸಭೆಯಲ್ಲಿ ಸಮರ್ಥಿಸಿದ ಮೇಲೆ ದೊರೆಯುವ ಡಾಕ್ಟರ್ ಪದವಿ. ಇಂಥ ಪದವಿಗಳು ಯುರೋಪಿನ ಬೇರೆ ವಿದ್ಯಾಪೀಠಗಳಲ್ಲಿಯೂ ಉಂಟು. ಆದರೆ ಲೈಡನ್ನಿನ ಪರಂಪರೆಯಲ್ಲಿ ಎದ್ದು ಕಾಣುವ ಒಂದು ಲಕ್ಷಣವಿದೆ. ವಿದ್ಯಾರ್ಥಿಯು ನಾಳೆ ತನ್ನ ಊರಿನ ನ್ಯಾಯಾಲಯದಲ್ಲಿ ನಿಂತು ವಾದಿಸಬೇಕಾದ ಕಾನೂನಿಗಿಂತ ಹೆಚ್ಚಾಗಿ, ಯಾವ ಒಬ್ಬ ದೊರೆಯ ಗಡಿಗೂ ಅಡಗದ ಕಾನೂನಿನ ಕಡೆಗೇ, ಎಂದರೆ ಮೊದಲು ರೋಮನರ ಕಾನೂನು, ಆಮೇಲೆ ಸಮುದ್ರದ ಮತ್ತು ಯುದ್ಧದ ಕಾನೂನು, ಅನಂತರ ಜಾವಾ ಸುಮಾತ್ರಾಗಳ ಹಳ್ಳಿಗರ ರೂಢಿ, ಈಗ ರಾಷ್ಟ್ರಗಳ ನಡುವಣ ವ್ಯವಹಾರ ಮತ್ತು ಅಂತರಿಕ್ಷದ ಕಾನೂನು, ಇವುಗಳ ಕಡೆಗೇ ಈ ವಿದ್ಯಾಪೀಠದ ಒಲವು ನಾಲ್ಕು ಶತಮಾನಗಳಿಂದಲೂ ಹರಿದು ಬಂದಿದೆ.

ನ್ಯಾಯಶಾಸ್ತ್ರದಲ್ಲಿ ಪದವಿ ಕೊಡುವ ಪದ್ಧತಿಯ ತವರು ಇಟಲಿಯ ಬೊಲೋನ್ಯ. ಅಲ್ಲಿ 12ನೆಯ ಶತಮಾನದ ಆದಿಭಾಗದಲ್ಲಿ ಇರ್ನೇರಿಯಸನು ಜಸ್ಟಿನಿಯನ್ ಚಕ್ರವರ್ತಿಯ ಸಂಹಿತೆಗಳಿಗೆ ಟಿಪ್ಪಣಿ ಬರೆದು ಪಾಠ ಹೇಳಿದನು. ಸುಮಾರು 1140ರಲ್ಲಿ ಗ್ರೇಷಿಯನನು ಕ್ರೈಸ್ತ ಧರ್ಮಪೀಠದ ಕಟ್ಟಳೆಗಳನ್ನು ಒಂದುಗೂಡಿಸಿದನು. ಈ ಎರಡು ಶಾಸ್ತ್ರಗಳಲ್ಲಿಯೂ ಪಾರಂಗತನಾದವನು ಉಭಯನ್ಯಾಯಗಳ ಡಾಕ್ಟರನೆನಿಸಿ ಯುರೋಪಿನ ಯಾವ ಪಟ್ಟಣದಲ್ಲಿಯಾದರೂ ಪಾಠ ಹೇಳಲು ಅರ್ಹನಾಗುತ್ತಿದ್ದನು. 1219ರಲ್ಲಿ ಮೂರನೆಯ ಹೊನೋರಿಯಸ್ ಪೋಪನು ಬೊಲೋನ್ಯದ ಆರ್ಚ್‌ಡೀಕನ್ ಎಂಬ ಧರ್ಮಾಧಿಕಾರಿಯ ಅನುಮತಿಯಿಲ್ಲದೆ ಯಾರೂ ಬೋಧನಾಧಿಕಾರವನ್ನು ಪಡೆಯಕೂಡದೆಂದು ವಿಧಿಸಿದಾಗ ಪದವಿಯೆಂಬುದು ಗುರುವಿನ ಮೆಚ್ಚುಗೆಯ ಮಾತಾಗಿ ಉಳಿಯದೆ ಅಧಿಕಾರಪತ್ರವಾಯಿತು. ಲ್ಯಾಟಿನ್ ಒಂದೇ ಭಾಷೆ, ರೋಮನ್ ಕಾನೂನು ಒಂದೇ ಶಾಸ್ತ್ರ. ಆದುದರಿಂದ ಡಚ್ಚರ ಹುಡುಗನು ಓರ್ಲಿಯನ್ಸಿಗೋ ಲೂವೆನ್ನಿಗೋ ಹೋಗಿ ಕಲಿತು ಬಂದರೆ ಯಾರಿಗೂ ಅದು ಪರದೇಶದ ವಿದ್ಯೆಯೆಂದು ತೋರುತ್ತಿರಲಿಲ್ಲ. ಡಚ್ ಪ್ರಾಂತಗಳು ಸ್ಪೇನಿನ ವಿರುದ್ಧ ಬಂಡೆದ್ದ ಮೇಲೆ ಮಾತ್ರ ಈ ದಾರಿ ಕಷ್ಟವಾಯಿತು. ಕ್ಯಾಥೊಲಿಕ್ ಅರಸನ ಅಧೀನದಲ್ಲಿದ್ದ ಲೂವೆನ್ನಿಗೆ ಬಂಡಾಯಗಾರರ ಮಕ್ಕಳು ಹೋಗುವಂತಿರಲಿಲ್ಲ. ಹೊಸ ರಾಜ್ಯಕ್ಕೆ ಪಾದ್ರಿಗಳು ಹೇಗೆ ಬೇಕಾಗಿದ್ದರೋ ಹಾಗೆಯೇ ನ್ಯಾಯಾಧೀಶರೂ ನಗರಾಡಳಿತಗಾರರೂ ಬೇಕಾಗಿದ್ದರು.

ಲೈಡನ್ ಪಟ್ಟಣವು ಸ್ಪೇನಿನ ಸೈನ್ಯದ ಮುತ್ತಿಗೆಗೆ ಸಿಕ್ಕಿ, ಹಸಿವೆಯಿಂದಲೂ ವ್ಯಾಧಿಯಿಂದಲೂ ಸಹಸ್ರಾರು ಜನರನ್ನು ಕಳೆದುಕೊಂಡು, ಡಚ್ಚರು ತಮ್ಮ ಏರಿಗಳನ್ನು ತಾವೇ ಒಡೆದು ನೆಲವನ್ನು ನೀರಿನಿಂದ ತುಂಬಿಸಿ ದೋಣಿಗಳಲ್ಲಿ ಆಹಾರವನ್ನು ತಂದುದರಿಂದ 1574ರ ಅಕ್ಟೋಬರ್ 3ರಂದು ಬಿಡುಗಡೆ ಹೊಂದಿತು. ನಾಲ್ಕು ತಿಂಗಳು ಕಳೆದ ಮೇಲೆ, 1575ರ ಫೆಬ್ರವರಿ 8ರಂದು, ಆರೆಂಜಿನ ರಾಜಕುಮಾರ ವಿಲಿಯಮನ ಪ್ರೇರಣೆಯಿಂದ ಅಲ್ಲಿ ವಿಶ್ವವಿದ್ಯಾನಿಲಯವು ಉದ್ಘಾಟಿತವಾಯಿತು. ಅದರ ಸನ್ನದು ಹೊರಟದ್ದು ಯಾರ ಹೆಸರಿನಲ್ಲಿ ಎಂಬುದು ನ್ಯಾಯಶಾಸ್ತ್ರದ ವಿದ್ಯಾರ್ಥಿಗೆ ಒಳ್ಳೆಯ ವಿಚಾರವಸ್ತು. ಬಂಡಾಯಗಾರರು ಯಾರೊಡನೆ ಹೋರಾಡುತ್ತಿದ್ದರೋ ಆ ಎರಡನೆಯ ಫಿಲಿಪ್ ದೊರೆಯೇ ಈ ವಿದ್ಯಾಪೀಠವನ್ನು ಕರುಣಿಸಿದನೆಂದು ಅದರಲ್ಲಿ ಬರೆದಿದ್ದಿತು. ಏಕೆಂದರೆ ಪದವಿ ಕೊಡುವ ಅಧಿಕಾರವು ಸಾರ್ವಭೌಮನಿಂದಲೇ ಬರಬೇಕು, ಮತ್ತು ಬಂಡಾಯಗಾರರು ಅಷ್ಟು ಹೊತ್ತಿಗೆ ಇನ್ನೂ ಆ ಸಾರ್ವಭೌಮನನ್ನು ಅಧಿಕೃತವಾಗಿ ತ್ಯಜಿಸಿರಲಿಲ್ಲ. ಆ ಸನ್ನದಿನ ಲೇಖಕನ ಜಾಣತನಕ್ಕೆ ನ್ಯಾಯಶಾಸ್ತ್ರ ವಿಭಾಗವು ಮೊದಲ ಡಾಕ್ಟರ್ ಪದವಿಯನ್ನು ಕೊಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ.

ಮೊದಮೊದಲು ಅಧ್ಯಾಪಕರೂ ವಿದ್ಯಾರ್ಥಿಗಳೂ ವಿರಳ. ವಿದ್ಯಾಪೀಠದ ಪಾಲಕರು ಹಣ ಕೊಟ್ಟು ಕೀರ್ತಿವಂತರನ್ನು ಕರೆಸಿದರು. ಫ್ರಾನ್ಸಿನಿಂದ ತಪ್ಪಿಸಿಕೊಂಡು ಬಂದಿದ್ದ ಪ್ರಾಟೆಸ್ಟೆಂಟ್ ಪಂಡಿತ ಡೊನೆಲ್ಲಸನು 1579ರಿಂದ 1587ರವರೆಗೆ ಇಲ್ಲಿ ರೋಮನ್ ಕಾನೂನನ್ನು ಬೋಧಿಸಿದನು; ಸಂಹಿತೆಯ ವಾಕ್ಯಗಳಿಗೆ ಅನುಕ್ರಮವಾಗಿ ಅರ್ಥ ಹೇಳಿಕೊಂಡು ಹೋಗುವ ಹಳೆಯ ರೀತಿಯನ್ನು ಬಿಟ್ಟು, ಹಕ್ಕುಗಳನ್ನು ತರ್ಕಬದ್ಧವಾಗಿ ವಿಂಗಡಿಸಿ ಹೇಳುವ ಅವನ ಕ್ರಮವು ಮುಂದಿನ ಯುರೋಪಿನ ಸಂಹಿತೆಗಳಿಗೆಲ್ಲ ದಾರಿ ತೋರಿತು. ಲಿಪ್ಸಿಯಸನು ಇತಿಹಾಸದೊಂದಿಗೆ ನ್ಯಾಯವನ್ನೂ ಕಲಿಸಿದನು. 1581ರಿಂದ ರಾಪೆನ್‌ಬುರ್ಗ್ ಕಾಲುವೆಯ ದಂಡೆಯಲ್ಲಿದ್ದ ಹಳೆಯ ಸಂನ್ಯಾಸಿನಿಯರ ಮಠವೇ ವಿದ್ಯಾಪೀಠದ ಮುಖ್ಯ ಭವನವಾಯಿತು. ಇಂದಿಗೂ ಡಾಕ್ಟರ್ ಪದವಿಯ ಸಭೆಗಳು ಅಲ್ಲಿಯೇ ನಡೆಯುತ್ತವೆ.

ಲೈಡನ್ ಎಂದೊಡನೆ ನ್ಯಾಯಶಾಸ್ತ್ರಜ್ಞರು ನೆನೆಯುವ ಹೆಸರು ಹ್ಯೂಗೋ ಗ್ರೋಷಿಯಸನದು. 1583ರಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ ಹುಟ್ಟಿದ ಈತನು 1594ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಲೈಡನ್ನಿನ ವಿದ್ಯಾರ್ಥಿಯಾದನು. ಇಲ್ಲಿ ಅವನು ಮುಖ್ಯವಾಗಿ ಕಲಿತದ್ದು ಸಾಹಿತ್ಯ ಮತ್ತು ಶಾಸ್ತ್ರಗಳು, ನ್ಯಾಯದ ಡಾಕ್ಟರ್ ಪದವಿ ದೊರೆತದ್ದು 1598ರಲ್ಲಿ ಫ್ರಾನ್ಸಿನ ಓರ್ಲಿಯನ್ಸ್‌ನಲ್ಲಿ. 1603ರಲ್ಲಿ ಡಚ್ಚರ ನೌಕೆಗಳು ಸಿಂಗಪುರದ ಜಲಸಂಧಿಯಲ್ಲಿ ಪೋರ್ಚುಗೀಸರ ಸಾಂಟಾ ಕಟರೀನಾ ಎಂಬ ಹಡಗನ್ನು ಹಿಡಿದು ಅದರ ಅಪಾರವಾದ ಸರಕನ್ನು ತಂದಾಗ, ಆ ಸುಲಿಗೆಯು ನ್ಯಾಯವಾದುದೆಂದು ತೋರಿಸುವ ಭಾರವು ಯುವಕನಾದ ಈ ವಕೀಲನ ಮೇಲೆ ಬಿತ್ತು. ಅವನು ಬರೆದ ದೊಡ್ಡ ಗ್ರಂಥದ ಒಂದು ಅಧ್ಯಾಯವು 1609ರಲ್ಲಿ ಮುಕ್ತಸಮುದ್ರವೆಂಬ ಅರ್ಥದ ಲ್ಯಾಟಿನ್ ಹೆಸರಿನಿಂದ ಪ್ರಕಟವಾಯಿತು. ಉಳಿದ ಹಸ್ತಪ್ರತಿಯು 1864ರಲ್ಲಿ ಹರಾಜಿಗೆ ಬಂದಾಗ ಲೈಡನ್ನಿನ ಗ್ರಂಥಾಲಯವೇ ಅದನ್ನು ಕೊಂಡುಕೊಂಡಿತು. ಸಮುದ್ರವು ಯಾರ ಸ್ವತ್ತೂ ಅಲ್ಲ, ಜಾವಾ ಸಿಂಹಳಗಳ ಜನರಿಗೆ ತಮ್ಮವೇ ಆದ ಅರಸರೂ ಕಟ್ಟಳೆಗಳೂ ಉಂಟು, ಅವರೊಡನೆ ವ್ಯಾಪಾರ ಮಾಡಬೇಡವೆಂದು ಪೋರ್ಚುಗೀಸರು ತಡೆಯಲಾರರು ಎಂಬುದು ಅವನ ವಾದ. ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿಕೊಂಡು, ತಮ್ಮ ಪರವಾನಗಿಯ ಚೀಟಿಯಿಲ್ಲದ ಹಡಗುಗಳನ್ನು ಹಿಡಿಯುತ್ತಿದ್ದ ಪೋರ್ಚುಗೀಸರ ವಿರುದ್ಧ ಕರಾವಳಿಯ ವರ್ತಕರು ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು. ಆದರೆ ಗ್ರೋಷಿಯಸನ ಕಕ್ಷಿಗಾರರಾದ ಡಚ್ ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ಸರದಿ ಬಂದಾಗ ಆ ಮುಕ್ತಸಮುದ್ರವನ್ನು ಮಲುಕ್ಕು ದ್ವೀಪಗಳ ಸುತ್ತ ಎಷ್ಟು ಬಿಗಿಯಾಗಿ ಮುಚ್ಚಿದರೆಂಬುದನ್ನೂ ಇತಿಹಾಸವು ಬಲ್ಲದು.

ರಾಜಕೀಯ ಮತ್ತು ಧಾರ್ಮಿಕ ಕಲಹದಲ್ಲಿ ಸೋತ ಪಕ್ಷಕ್ಕೆ ಸೇರಿದ್ದ ಗ್ರೋಷಿಯಸನು ಲೂವೆಸ್ಟೈನ್ ಕೋಟೆಯಲ್ಲಿ ಯಾವಜ್ಜೀವ ಸೆರೆಯನ್ನು ಅನುಭವಿಸುತ್ತಿರುವಾಗ, ಹಾಲೆಂಡಿನ ಕಾನೂನಿಗೆ ಒಂದು ಪ್ರವೇಶಿಕೆಯನ್ನು ಲ್ಯಾಟಿನ್ನಿನಲ್ಲಲ್ಲದೆ ತಾಯ್ನುಡಿಯಾದ ಡಚ್ಚಿನಲ್ಲಿ ಬರೆದನು. 1621ರಲ್ಲಿ ಹೆಂಡತಿಯ ಉಪಾಯದಿಂದ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿಕೊಂಡು ಹೊರಬಿದ್ದು ಪ್ಯಾರಿಸನ್ನು ಸೇರಿದನು. ಯುದ್ಧ ಮತ್ತು ಶಾಂತಿಯ ನ್ಯಾಯವನ್ನು ಕುರಿತ ಅವನ ಮಹಾಗ್ರಂಥವು 1625ರಲ್ಲಿ ಅಲ್ಲಿಯೇ ಅಚ್ಚಾಯಿತು. ಡಚ್ ಪ್ರವೇಶಿಕೆಯು 1631ರಲ್ಲಿ ಬೆಳಕು ಕಂಡಿತು. ಮೊದಲನೆಯದು ರಾಷ್ಟ್ರಗಳ ನಡುವಣ ಕಾನೂನಿಗೆ ಅಡಿಗಲ್ಲೆಂದು ಲೋಕವೆಲ್ಲ ಹೊಗಳುತ್ತದೆ. ಶಾಸ್ತ್ರವು ಪಂಡಿತರ ಭಾಷೆಯಿಂದ ಜನರ ಭಾಷೆಗೆ ಇಳಿದುದಕ್ಕೆ ಉದಾಹರಣೆಯಾಗಿ ಎರಡನೆಯದೂ ಅಷ್ಟೇ ಗೌರವಕ್ಕೆ ಪಾತ್ರವೆಂದು ಈ ಲೇಖಕನ ಅಭಿಪ್ರಾಯ.

17ನೆಯ ಶತಮಾನದಲ್ಲಿ ಲೈಡನ್ನಿನ ಡಾಕ್ಟರ್ ಪದವಿಯು ಹಾಲೆಂಡಿನ ಉಚ್ಚ ನ್ಯಾಯಾಲಯದಲ್ಲಿ ವಕೀಲಿ ಮಾಡಲು ಬೇಕಾದ ಅರ್ಹತೆಯಾಗಿದ್ದಿತು. ಪದವಿಗಾಗಿ ಬರೆಯುತ್ತಿದ್ದ ಪ್ರಬಂಧವು ಇಂದಿನ ಮಹಾಪ್ರಬಂಧದಂತೆ ನೂರಾರು ಪುಟಗಳದ್ದಲ್ಲ. ರೋಮನ್ ಸಂಹಿತೆಯ ಯಾವುದಾದರೊಂದು ಪ್ರಕರಣವನ್ನು ಕುರಿತ ಕೆಲವೇ ಪುಟಗಳ ಲ್ಯಾಟಿನ್ ಬರವಣಿಗೆ, ಅದರ ಮೇಲೆ ವಾದವಿವಾದ. ಆಡಂಬರದ ಬಹಿರಂಗ ಸಮಾರಂಭಕ್ಕೆ ತಗಲುತ್ತಿದ್ದ ವೆಚ್ಚಕ್ಕೆ ಹೆದರಿ ಬಹುಮಂದಿ ಖಾಸಗಿಯಾಗಿಯೇ ಪದವಿ ಪಡೆಯುತ್ತಿದ್ದರು. ಹೊರದೇಶಗಳಿಂದ, ಮುಖ್ಯವಾಗಿ ಜರ್ಮನ್ ಸಂಸ್ಥಾನಗಳಿಂದಲೂ ಇಂಗ್ಲೆಂಡ್ ಸ್ಕಾಟ್ಲೆಂಡ್‌ಗಳಿಂದಲೂ, ವಿದ್ಯಾರ್ಥಿಗಳು ನೆರೆಯುತ್ತಿದ್ದರು. ವಿದ್ಯಾಪೀಠದ ಸದಸ್ಯರಿಗೆ ದ್ರಾಕ್ಷಾಮದ್ಯ ಮತ್ತು ಬಿಯರಿನ ಸುಂಕದಿಂದ ವಿನಾಯಿತಿ ಇದ್ದುದೂ, ಅವರ ಅಪರಾಧಗಳನ್ನು ವಿಚಾರಿಸಲು ವಿದ್ಯಾಪೀಠದ್ದೇ ನ್ಯಾಯಮಂಡಲಿ ಇದ್ದುದೂ ಅವರನ್ನು ಸೆಳೆದ ಕಾರಣಗಳಲ್ಲಿ ಸೇರಿದ್ದಿರಬೇಕು. ಸ್ಕಾಟ್ಲೆಂಡಿನ ಕಾನೂನಿಗೆ ಆಧಾರಗ್ರಂಥವನ್ನು ರಚಿಸಿದ ಲಾರ್ಡ್ ಸ್ಟೇರ್ 1682ರಲ್ಲಿ ದೇಶಭ್ರಷ್ಟನಾಗಿ ಬಂದು ತಂಗಿದ್ದು ಲೈಡನ್ನಿನಲ್ಲಿಯೇ. ಅಮೆರಿಕದ ಅಧ್ಯಕ್ಷನಾಗಲಿದ್ದ ಜಾನ್ ಕ್ವಿನ್ಸಿ ಆಡಮ್ಸನು 1781ರಲ್ಲಿ ಬಾಲಕನಾಗಿ ಇಲ್ಲಿ ಹೆಸರು ನೋಂದಾಯಿಸಿದ್ದನು.

ಆ ಕಾಲದ ಅಧ್ಯಾಪಕರಲ್ಲಿ ವಿನ್ನಿಯಸನೂ ಯೊಹಾನೆಸ್ ವೂಟನೂ ಚಿರಸ್ಮರಣೀಯರು. 1680ರಲ್ಲಿ ಲೈಡನ್ನಿನ ಅಧ್ಯಾಪಕನಾದ ವೂಟನು ರೋಮನರ ಪಂಡೆಕ್ಟ್ ಎಂಬ ನ್ಯಾಯಸಂಗ್ರಹಕ್ಕೆ 1698 ಮತ್ತು 1704ರಲ್ಲಿ ಎರಡು ಸಂಪುಟಗಳ ವ್ಯಾಖ್ಯಾನವನ್ನು ಪ್ರಕಟಿಸಿದನು. ಹಳೆಯ ರೋಮನ್ ವಿಧಿಯನ್ನು ಹೇಳಿ, ಅದು ಹಾಲೆಂಡಿನಲ್ಲಿ ಈಗ ಎಷ್ಟರಮಟ್ಟಿಗೆ ನಡೆಯುತ್ತದೆಂಬುದನ್ನು ಅದರ ಬೆನ್ನಿಗೇ ತಿಳಿಸುವುದು ಅವನ ಪದ್ಧತಿ. ಡಚ್ ಕಂಪೆನಿಯ ಹಡಗುಗಳೊಡನೆ ಈ ಗ್ರಂಥವು ಆಫ್ರಿಕದ ಗುಡ್‌ಹೋಪ್ ಭೂಶಿರಕ್ಕೂ ಸಿಂಹಳಕ್ಕೂ ಹೋಯಿತು; ಇಂಗ್ಲಿಷರು ಆ ನಾಡುಗಳನ್ನು ಗೆದ್ದುಕೊಂಡ ಮೇಲೂ ಅಲ್ಲಿಯ ಕಾನೂನನ್ನು ಬದಲಾಯಿಸಲಿಲ್ಲ. ಹೀಗಾಗಿ ಹಾಲೆಂಡ್ ದೇಶವೇ ಸಂಹಿತೆಯನ್ನು ಮಾಡಿಕೊಂಡು ವೂಟನನ್ನು ಮರೆತ ಬಳಿಕವೂ ದಕ್ಷಿಣ ಆಫ್ರಿಕ ಮತ್ತು ಶ್ರೀಲಂಕಾಗಳ ನ್ಯಾಯಾಧೀಶರು ತೀರ್ಪುಗಳಲ್ಲಿ ಅವನನ್ನು ಉದ್ಧರಿಸುತ್ತ ಬಂದಿದ್ದಾರೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಶತಮಾನಗಳ ತರುವಾಯ ಇಂಗ್ಲಿಷ್ ನ್ಯಾಯಾಧೀಶರ ಕೈಯಲ್ಲಿ ಹಿಂದೂಗಳ ದಾಯಾಧಿಕಾರಕ್ಕೆ ಪ್ರಮಾಣವಾದುದನ್ನು ಬಲ್ಲ ಕನ್ನಡಿಗರಿಗೆ ವ್ಯಾಖ್ಯಾನಕಾರನೇ ಶಾಸನಕರ್ತನಾಗುವ ಈ ಬಗೆಯು ಅಪರಿಚಿತವೆನಿಸಲಾರದು.

18ನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯಾಪೀಠದ ತೇಜಸ್ಸು ಕುಂದಿತು. ನೆಪೋಲಿಯನ್ನನ ಆಳ್ವಿಕೆಯಲ್ಲಿ ಫ್ರೆಂಚ್ ಸಂಹಿತೆಯು ಬಂದು, 1838ರಲ್ಲಿ ಡಚ್ಚರದೇ ಆದ ನಾಗರಿಕ ಸಂಹಿತೆಯು ಜಾರಿಯಾದ ಮೇಲೆ ಕಾನೂನಿನ ವ್ಯಾಸಂಗವು ದೇಶದ ಗಡಿಯೊಳಗೆ ಸರಿಯಿತು. ಲ್ಯಾಟಿನ್ನಿನ ಸ್ಥಾನದಲ್ಲಿ ಕ್ರಮೇಣ ಡಚ್ ಭಾಷೆ ನಿಂತಿತು. ಈ ಅವಧಿಯಲ್ಲಿಯೂ ಇಬ್ಬರ ಹೆಸರನ್ನು ಹೇಳದಿರಲಾಗದು. 1831ರಿಂದ ಇಲ್ಲಿ ಅಧ್ಯಾಪಕನಾಗಿದ್ದ ಥೋರ್ಬೆಕೆಯು 1848ರ ಉದಾರ ಸಂವಿಧಾನದ ಶಿಲ್ಪಿ. 1860ರಲ್ಲಿ ಇಲ್ಲಿಂದ ಡಾಕ್ಟರ್ ಪದವಿ ಪಡೆದ ಟೊಬಿಯಾಸ್ ಆಸರ್, ಬೇರೆ ಬೇರೆ ದೇಶಗಳ ಪ್ರಜೆಗಳ ನಡುವೆ ವಿವಾಹ, ವ್ಯಾಪಾರ, ವ್ಯಾಜ್ಯಗಳು ಹುಟ್ಟಿದಾಗ ಯಾವ ದೇಶದ ಕಾನೂನು ಅನ್ವಯಿಸಬೇಕೆಂಬುದನ್ನು ಗೊತ್ತುಪಡಿಸುವ ಹೇಗ್ ಸಮ್ಮೇಲನವನ್ನು 1893ರಲ್ಲಿ ಕೂಡಿಸಿ, 1911ರಲ್ಲಿ ನೊಬೆಲ್ ಶಾಂತಿ ಪುರಸ್ಕಾರಕ್ಕೆ ಪಾತ್ರನಾದನು.

ಲೈಡನ್ನಿನ ಉನ್ನತ ವ್ಯಾಸಂಗಕ್ಕೆ ಪೂರ್ವದೇಶಗಳ ಸಂಬಂಧವು ಗಾಢವಾದದ್ದು 1901ರಲ್ಲಿ ಕೊರ್ನೇಲಿಸ್ ವಾನ್ ವೊಲೆನ್‌ಹೋವನ್ ಅಧ್ಯಾಪಕರಾಗಿ ಬಂದ ಮೇಲೆ. ಡಚ್ಚರ ಆಳ್ವಿಕೆಯಲ್ಲಿದ್ದ ಇಂಡೋನೇಷ್ಯದ ದ್ವೀಪಗಳಲ್ಲಿ ಅದತ್ ಎಂದು ಕರೆಯಲಾಗುವ ರೂಢಿಗತ ನ್ಯಾಯವುಂಟು. ಭೂಮಿಯ ಹಕ್ಕು, ಮದುವೆ, ಸಾಲ, ಹಳ್ಳಿಯ ಬಂಜರಿನ ಬಳಕೆ, ಇವೆಲ್ಲ ಆ ರೂಢಿಗೆ ಒಳಪಟ್ಟವು. ಅಧಿಕಾರಿಗಳು ಇದನ್ನು ಅನಾಗರಿಕರ ನಡವಳಿಕೆಯೆಂದು ತಳ್ಳಿ ಪಾಶ್ಚಾತ್ಯ ಸಂಹಿತೆಯನ್ನು ಏಕರೂಪವಾಗಿ ಹೇರಲು ಹವಣಿಸುತ್ತಿದ್ದಾಗ, ವೊಲೆನ್‌ಹೋವನ್ ಅವರು ಆ ದ್ವೀಪಸಮೂಹವನ್ನು 19 ನ್ಯಾಯವಲಯಗಳಾಗಿ ವಿಂಗಡಿಸಿ, ಪ್ರತಿಯೊಂದರ ರೂಢಿಯನ್ನೂ ಶಾಸ್ತ್ರೀಯವಾಗಿ ದಾಖಲಿಸಿ, ಅದು ತನ್ನದೇ ತತ್ತ್ವಗಳುಳ್ಳ ಜೀವಂತ ಕಾನೂನೆಂದು ಸಾಧಿಸಿದರು. 1933ರಲ್ಲಿ ಅವರು ತೀರಿಕೊಳ್ಳುವವರೆಗೆ ಇಂಡೋನೇಷ್ಯದ ಯುವಕರು ಅನೇಕರು ಅವರ ಪಾಠಗಳನ್ನು ಕೇಳಿದರು. ಅವರಲ್ಲಿ ಸುಪೊಮೊ 1927ರಲ್ಲಿ ಸುರಕಾರ್ತ ಪ್ರಾಂತದ ಭೂವ್ಯವಸ್ಥೆಯನ್ನು ಕುರಿತ ಮಹಾಪ್ರಬಂಧಕ್ಕೆ ಡಾಕ್ಟರ್ ಪದವಿ ಪಡೆದು, 1945ರಲ್ಲಿ ಸ್ವತಂತ್ರ ಇಂಡೋನೇಷ್ಯದ ಸಂವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರಾದರು. ಆಳುವವರ ವಿದ್ಯಾಪೀಠದಲ್ಲಿ ಆಳಿಸಿಕೊಳ್ಳುವವನು ತನ್ನ ಹಳ್ಳಿಯ ಕಾನೂನನ್ನೇ ಅಭ್ಯಾಸ ಮಾಡಿ, ಆ ವಿದ್ಯೆಯಿಂದಲೇ ಸಾಮ್ರಾಜ್ಯಕ್ಕೆ ವಿದಾಯ ಹೇಳುವ ಪತ್ರವನ್ನು ಬರೆದನೆಂಬುದು ವಸಾಹತು ಯುಗದ ವಿದ್ಯಾಭ್ಯಾಸದ ಇತಿಹಾಸದಲ್ಲಿ ಗಮನಿಸತಕ್ಕ ಸಂಗತಿ. ವೊಲೆನ್‌ಹೋವನ್ ಅವರ ಹೆಸರಿನ ಸಂಸ್ಥೆಯೊಂದು ಈಗಲೂ ಏಷ್ಯ ಆಫ್ರಿಕಗಳ ಸಮಾಜಗಳಲ್ಲಿ ಕಾನೂನು ನಡೆಯುವ ಬಗೆಯನ್ನು ಕುರಿತು ಸಂಶೋಧನೆ ನಡೆಸುತ್ತಿದೆ.

ಯಾವ ಅಧಿಕಾರದ ಇಚ್ಛೆಗೂ ಕಾನೂನು ಅಧೀನವಲ್ಲವೆಂಬ ಪಾಠವು ಪುಸ್ತಕದಿಂದ ಹೊರಬಂದು ಪರೀಕ್ಷೆಗೆ ನಿಂತದ್ದು 1940ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಹಿಟ್ಲರನ ಜರ್ಮನಿಯು ದೇಶವನ್ನು ಆಕ್ರಮಿಸಿತು. ನವೆಂಬರಿನಲ್ಲಿ ಯೆಹೂದಿ ಮನೆತನದ ಅಧ್ಯಾಪಕರನ್ನು ಕೆಲಸದಿಂದ ತೆಗೆಯುವ ಆಜ್ಞೆ ಹೊರಟಿತು. ಅವರಲ್ಲಿ ನಾಗರಿಕ ನ್ಯಾಯದ ಅಧ್ಯಾಪಕರಾದ ಎಡ್ವರ್ಡ್ ಮೌರಿಟ್ಸ್ ಮೇಯರ್ಸ್ ಅವರೂ ಸೇರಿದ್ದರು. ಆ ಕಾಲದ ಡಚ್ ನ್ಯಾಯಪಂಡಿತರಲ್ಲಿ ಅವರಿಗೆ ಸರಿಮಿಗಿಲಾದವರಿರಲಿಲ್ಲ. ನವೆಂಬರ್ 26ರ ಬೆಳಗ್ಗೆ, ಮೇಯರ್ಸ್ ಅವರು ಪಾಠ ಹೇಳಬೇಕಾಗಿದ್ದ ಹೊತ್ತಿಗೆ, ವಿಭಾಗದ ಮುಖ್ಯಸ್ಥರೂ ಅವರ ಹಿಂದಿನ ಶಿಷ್ಯರೂ ಆಗಿದ್ದ ರುಡಾಲ್ಫ್ ಕ್ಲೆವೆರಿಂಗ ವೇದಿಕೆಯನ್ನು ಏರಿದರು. ವಜಾ ಪತ್ರವನ್ನು ಓದಿ, ಅದನ್ನು ಕುರಿತು ಹೆಚ್ಚು ಮಾತನಾಡದೆ, ಮೇಯರ್ಸ್ ಅವರು ಶಾಸ್ತ್ರಕ್ಕೆ ಸಲ್ಲಿಸಿದ ಸೇವೆ ಎಂಥದೆಂಬುದನ್ನು ಗ್ರಂಥ ಗ್ರಂಥವಾಗಿ, ವಿಷಯ ವಿಷಯವಾಗಿ ಸಾವಧಾನವಾಗಿ ವಿವರಿಸುತ್ತ ಹೋದರು. ದಂಗೆಯೇಳಿರೆಂದು ಅವರು ಯಾರನ್ನೂ ಕರೆಯಲಿಲ್ಲ. ಆಕ್ರಮಣಕಾರನಿಗೆ ಅಂತರರಾಷ್ಟ್ರೀಯ ನ್ಯಾಯವು ವಿಧಿಸಿದ ಮೇರೆಗಳನ್ನು ಈ ಆಜ್ಞೆಯು ಮೀರಿತೆಂಬುದನ್ನು ಒಬ್ಬ ನ್ಯಾಯಶಾಸ್ತ್ರಜ್ಞನು ಹೇಳಬೇಕಾದ ರೀತಿಯಲ್ಲಿ ಹೇಳಿದರು, ಅಷ್ಟೆ. ವಿದ್ಯಾರ್ಥಿಗಳು ಪಾಠಗಳನ್ನು ಬಹಿಷ್ಕರಿಸಿದರು. ಭಾಷಣದ ಪ್ರತಿಗಳು ಬೆರಳಚ್ಚಿನಲ್ಲಿ ದೇಶದಲ್ಲೆಲ್ಲ ಹರಡಿದವು. ಜರ್ಮನರು ವಿದ್ಯಾಪೀಠವನ್ನು ಮುಚ್ಚಿಸಿ ಕ್ಲೆವೆರಿಂಗ ಅವರನ್ನು ಸೆರೆಗೆ ತಳ್ಳಿ ಮರುವರ್ಷದ ಬೇಸಗೆಯವರೆಗೆ ಇಟ್ಟರು. ಅದೇ ವಿಭಾಗದಲ್ಲಿ ಅಂತರರಾಷ್ಟ್ರೀಯ ನ್ಯಾಯವನ್ನು ಬೋಧಿಸುತ್ತಿದ್ದ ಟೆಲ್ಡರ್ಸ್ ಅವರು ಬಂಧಿತರಾಗಿ 1945ರ ಏಪ್ರಿಲಿನಲ್ಲಿ ಬೆರ್ಗನ್-ಬೆಲ್ಸನ್ ಶಿಬಿರದಲ್ಲಿ ಅಸುನೀಗಿದರು. ಅವರ ಹೆಸರಿನಲ್ಲಿ ಹೇಗ್‌ನಲ್ಲಿ ನಡೆಯುವ ಅಣಕು ನ್ಯಾಯಾಲಯದ ಸ್ಪರ್ಧೆಗೆ ಯುರೋಪಿನ ಹಲವು ದೇಶಗಳ ವಿದ್ಯಾರ್ಥಿಗಳು ಬರುತ್ತಾರೆ.

ಮೇಯರ್ಸ್ ಅವರು ತೆರೇಸಿನ್‌ಸ್ಟಾಟ್ ಶಿಬಿರದಿಂದ ಬದುಕಿ ಬಂದು ಮತ್ತೆ ಪೀಠವನ್ನು ಅಲಂಕರಿಸಿದರು. 1947ರಲ್ಲಿ ಸರ್ಕಾರವು ಹೊಸ ನಾಗರಿಕ ಸಂಹಿತೆಯ ಕರಡನ್ನು ರಚಿಸುವ ಕಾರ್ಯವನ್ನು ಅವರೊಬ್ಬರಿಗೇ ಒಪ್ಪಿಸಿತು. 1954ರಲ್ಲಿ ಅವರು ತೀರಿಕೊಂಡಾಗ ಅದು ಮುಗಿದಿರಲಿಲ್ಲ. ಸ್ವತ್ತು ಮತ್ತು ಕರಾರುಗಳನ್ನು ಕುರಿತ ಮುಖ್ಯ ಭಾಗಗಳು ಜಾರಿಗೆ ಬಂದದ್ದು 1992ರ ಜನವರಿ 1ರಂದು. ಯುದ್ಧಾನಂತರ ವಿದ್ಯಾಪೀಠವು 1946ರಲ್ಲಿ ಚರ್ಚಿಲ್ಲರಿಗೂ 1999ರಲ್ಲಿ ನೆಲ್ಸನ್ ಮಂಡೇಲರಿಗೂ ನ್ಯಾಯಶಾಸ್ತ್ರದ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಮಂಡೇಲರು ವಕೀಲಿ ಮಾಡಿದ ನ್ಯಾಯಾಲಯಗಳಲ್ಲಿ ಆಳುತ್ತಿದ್ದ ಕಾನೂನಿನ ಬೇರು ವೂಟನ ವ್ಯಾಖ್ಯಾನದಲ್ಲಿತ್ತೆಂಬುದನ್ನು ನೆನೆದರೆ ಆ ಪದವಿಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ.

ಇಂದಿನ ಪದವಿವ್ಯವಸ್ಥೆಯು 1999ರ ಬೊಲೋನ್ಯ ಘೋಷಣೆಯಿಂದ ಬಂದದ್ದು. ಆ ವರ್ಷದ ಜೂನ್ 19ರಂದು 29 ಯುರೋಪಿಯನ್ ದೇಶಗಳ ಮಂತ್ರಿಗಳು ಸ್ನಾತಕ ಮತ್ತು ಸ್ನಾತಕೋತ್ತರ ಘಟ್ಟಗಳನ್ನು ಬೇರ್ಪಡಿಸಲು ಒಪ್ಪಿದರು. ನೆದರ್ಲೆಂಡ್ಸ್ 2002ರಿಂದ ಅದನ್ನು ಆಚರಣೆಗೆ ತಂದಿತು. ಎಲ್ಎಲ್.ಎಂ. ಪದವಿಗೆ 60 ಅಂಕಭಾರದ ವ್ಯಾಸಂಗವು ವಿಹಿತವಾಗಿದೆ. ಒಂದು ಅಂಕಭಾರವೆಂದರೆ ಅಲ್ಲಿಯ ಲೆಕ್ಕದಲ್ಲಿ 28 ಗಂಟೆಗಳ ದುಡಿಮೆ, ತರಗತಿ, ಓದು, ಬರಹಗಳೆಲ್ಲ ಸೇರಿ. ಆದುದರಿಂದ ವರ್ಷದ ದುಡಿಮೆ 1680 ಗಂಟೆಗಳಷ್ಟಾಗುತ್ತದೆ. ಅಂಕಗಳನ್ನು ಹತ್ತಕ್ಕೆ ಕೊಡುವ ರೂಢಿ. ಆರು ಬಂದರೆ ಉತ್ತೀರ್ಣ. ಎಂಟು ಬಂದವನನ್ನು ಸಹಪಾಠಿಗಳು ಅಭಿನಂದಿಸುತ್ತಾರೆ, ಹತ್ತನ್ನು ಕಂಡವರು ಅತಿ ವಿರಳ. ನಮ್ಮ ವಿಶ್ವವಿದ್ಯಾನಿಲಯಗಳ ಶೇಕಡಾವಾರು ಅಂಕಗಳಿಗೆ ಒಗ್ಗಿದ ವಿದ್ಯಾರ್ಥಿಯು ಏಳನ್ನು ಕಂಡು ಖಿನ್ನನಾಗುವುದು ಸಹಜವಾದರೂ ಅನವಶ್ಯಕ.

ಪದವಿಯಲ್ಲಿ ಎರಡು ಬಗೆಗಳುಂಟು. ಸರ್ಕಾರದ ಅನುದಾನವುಳ್ಳ ಸಾಧಾರಣ ಎಲ್ಎಲ್.ಎಂ. ಒಂದು. ಅನುದಾನವಿಲ್ಲದ, ಆ ಕಾರಣದಿಂದಲೇ ಶುಲ್ಕ ಹೆಚ್ಚಾದ, ಆಯ್ದ ಕೆಲವರಿಗೆ ಮಾತ್ರ ಪ್ರವೇಶ ಕೊಡುವ ಪ್ರೌಢ ಎಲ್ಎಲ್.ಎಂ. ಇನ್ನೊಂದು. ಅಂತರರಾಷ್ಟ್ರೀಯ ಸಾರ್ವಜನಿಕ ನ್ಯಾಯ, ಅಂತರರಾಷ್ಟ್ರೀಯ ತೆರಿಗೆ, ವಿಮಾನಯಾನ ಮತ್ತು ಅಂತರಿಕ್ಷದ ಕಾನೂನು, ಮಕ್ಕಳ ಹಕ್ಕುಗಳು, ಯುರೋಪಿನ ಮಾನವ ಹಕ್ಕುಗಳು ಮೊದಲಾದ ವಿಷಯಗಳಲ್ಲಿ ಎರಡನೆಯ ಬಗೆಯ ವ್ಯಾಸಂಗವಿದೆ; ಬೋಧನೆಯೆಲ್ಲ ಇಂಗ್ಲಿಷಿನಲ್ಲಿ. ದೊಡ್ಡ ಉಪನ್ಯಾಸಗಳಿಗಿಂತ ಇಪ್ಪತ್ತು ಮೂವತ್ತು ಜನರ ಚರ್ಚಾಗೋಷ್ಠಿಗಳೇ ಇಲ್ಲಿ ಪ್ರಧಾನ. ಓದಿಕೊಂಡು ಬಾರದವನು ಮೌನವಾಗಿ ಕುಳಿತರೆ ಆ ಮೌನವೇ ಅವನ ಗುಟ್ಟನ್ನು ಹೇಳಿಬಿಡುತ್ತದೆ. ವರ್ಷದ ಕೊನೆಗೆ ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಪ್ರಬಂಧವನ್ನು ಸಲ್ಲಿಸಬೇಕು.

2004ರಿಂದ ವಿಭಾಗವು ನೆಲೆಸಿರುವುದು ಸ್ಟೇನ್‌ಸ್ಖೂರ್ ಕಾಲುವೆಯ ದಂಡೆಯಲ್ಲಿರುವ, ಹಿಂದೆ ಭೌತವಿಜ್ಞಾನದ ಪ್ರಯೋಗಶಾಲೆಯಾಗಿದ್ದ ಕಟ್ಟಡದಲ್ಲಿ. 1807ರಲ್ಲಿ ಸಿಡಿಮದ್ದು ತುಂಬಿದ ದೋಣಿಯೊಂದು ಸ್ಫೋಟಗೊಂಡು ಈ ಭಾಗವೆಲ್ಲ ನೆಲಸಮವಾಗಿದ್ದಿತು. ಆ ಪಾಳು ಜಾಗದಲ್ಲಿ ಎದ್ದ ಪ್ರಯೋಗಶಾಲೆಯಲ್ಲಿ ಕಾಮರ್ಲಿಂಗ್ ಓನ್ನೆಸ್ 1908ರಲ್ಲಿ ಹೀಲಿಯಂ ಅನಿಲವನ್ನು ದ್ರವೀಕರಿಸಿದರು, 1911ರಲ್ಲಿ ಅತಿವಾಹಕತೆಯನ್ನು ಕಂಡುಹಿಡಿದರು. ಅಂತರರಾಷ್ಟ್ರೀಯ ನ್ಯಾಯದ ಕೆಲವು ತರಗತಿಗಳು ಹೇಗ್‌ನಲ್ಲಿ ನಡೆಯುತ್ತವೆ. ರೈಲಿನಲ್ಲಿ ಕಾಲು ಗಂಟೆಯ ಪ್ರಯಾಣ. 1913ರಲ್ಲಿ ಕಟ್ಟಿದ ಶಾಂತಿ ಸೌಧ, ಅದರೊಳಗಿನ ಅಂತರರಾಷ್ಟ್ರೀಯ ನ್ಯಾಯಾಲಯ, ಅದರ ಗ್ರಂಥಾಲಯ, 1923ರಿಂದ ಬೇಸಗೆಯ ಉಪನ್ಯಾಸಗಳನ್ನು ನಡೆಸುವ ನ್ಯಾಯಶಾಸ್ತ್ರ ಅಕಾಡೆಮಿ, ಯುದ್ಧಾಪರಾಧಗಳನ್ನು ವಿಚಾರಿಸುವ ನ್ಯಾಯಾಲಯ, ಇವೆಲ್ಲ ವಿದ್ಯಾರ್ಥಿಯ ಕೈಗೆಟಕುವ ದೂರದಲ್ಲಿರುವುದು ಬೇರೆ ವಿದ್ಯಾಪೀಠಗಳಿಗಿಲ್ಲದ ಭಾಗ್ಯ. ಮಂಗಳೂರಿನಲ್ಲಿ ಹುಟ್ಟಿ, ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು 1952ರಲ್ಲಿ ನ್ಯಾಯಾಧೀಶರಾಗಿ ಕುಳಿತದ್ದು ಈ ಶಾಂತಿ ಸೌಧದಲ್ಲಿಯೇ. ಮರುವರ್ಷ ಅವರು ತೀರಿಕೊಂಡರು.

ಡಾಕ್ಟರ್ ಪದವಿಯಲ್ಲಿ ತರಗತಿಗಳಿಗಿಂತ ಸಂಶೋಧನೆಯೇ ಪ್ರಧಾನ. ಅಭ್ಯರ್ಥಿಯು ವಿದ್ಯಾಪೀಠದ ನೌಕರನಾಗಿ ಸಂಬಳ ಪಡೆದು ಸಾಮಾನ್ಯವಾಗಿ ನಾಲ್ಕು ವರ್ಷ ಸಂಶೋಧನೆ ಮಾಡಬಹುದು, ಅಥವಾ ಹೊರಗೆ ವೃತ್ತಿಯಲ್ಲಿದ್ದುಕೊಂಡೇ ಬರೆಯಬಹುದು. ಮಹಾಪ್ರಬಂಧವನ್ನು ಪರಿಶೀಲನ ಸಮಿತಿಯು ಒಪ್ಪಿದ ಮೇಲೆ ಅದು ಗ್ರಂಥರೂಪದಲ್ಲಿ ಅಚ್ಚಾಗುತ್ತದೆ. ಅದರೊಡನೆ ಸಮರ್ಥನೆಗೆ ಸಿದ್ಧವಾದ ಸೂತ್ರರೂಪದ ಪ್ರತಿಜ್ಞೆಗಳ ಒಂದು ಹಾಳೆಯನ್ನೂ ಕೊಡಬೇಕು. ಇವುಗಳಲ್ಲಿ ಕೆಲವು ಪ್ರಬಂಧದ ವಿಷಯಕ್ಕೆ ಹೊರತಾಗಿರುವುದು ಹಳೆಯ ಸಂಪ್ರದಾಯ. ಸಭೆಯ ದಿನ ಅಭ್ಯರ್ಥಿಯ ಇಕ್ಕೆಲಗಳಲ್ಲಿ ಇಬ್ಬರು ಸಹಾಯಕರು ನಿಲ್ಲುತ್ತಾರೆ. ನಿಲುವಂಗಿ ತೊಟ್ಟ ಅಧ್ಯಾಪಕರು ಒಬ್ಬೊಬ್ಬರಾಗಿ ಆಕ್ಷೇಪಗಳನ್ನೆತ್ತುತ್ತಾರೆ. ಮುಕ್ಕಾಲು ಗಂಟೆ ಕಳೆದೊಡನೆ ವಿದ್ಯಾಪೀಠದ ದಂಡಧಾರಿಯು ಒಳಬಂದು ಹೊತ್ತಾಯಿತೆಂದು ಲ್ಯಾಟಿನ್ನಿನಲ್ಲಿ ಘೋಷಿಸುತ್ತಾನೆ. ಉತ್ತರ ಅರ್ಧದಲ್ಲಿದ್ದರೂ ಅಲ್ಲಿಗೇ ನಿಲ್ಲಬೇಕು. ಮುಖ್ಯ ಭವನದಲ್ಲಿ ಬೆವರುವ ಕೊಠಡಿಯೆಂದು ಹೆಸರಾದ ಒಂದು ಚಿಕ್ಕ ಕೋಣೆಯಿದ್ದು, ಹಿಂದೆ ಫಲಿತಾಂಶಕ್ಕಾಗಿ ಕಾದಿರುತ್ತಿದ್ದ ಅಭ್ಯರ್ಥಿಗಳು ಉತ್ತೀರ್ಣರಾದ ಬಳಿಕ ಅದರ ಗೋಡೆಗಳ ಮೇಲೆ ಹೆಸರು ಬರೆದು ಹೋಗುವ ವಾಡಿಕೆ ಬೆಳೆಯಿತು. ಈಗ ಗೋಡೆಗಳಲ್ಲಿ ಬರಿದಾದ ಎಡೆ ಸಿಕ್ಕುವುದು ದುರ್ಲಭ.

ಭಾರತದಿಂದ ಹೋಗುವವರು ಮೂರು ಅಥವಾ ಐದು ವರ್ಷಗಳ ಕಾನೂನು ಪದವಿಯನ್ನು ಪಡೆದಿರಬೇಕು. ಇಂಗ್ಲಿಷ್ ಭಾಷಾಪ್ರೌಢಿಮೆಯ ಪ್ರಮಾಣಪತ್ರವನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ವಾಸ್ತವ್ಯದ ಅನುಮತಿಗೆ ವಿದ್ಯಾಪೀಠವೇ ಅರ್ಜಿ ಹಾಕುತ್ತದೆ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಅವಕಾಶವನ್ನು ಪಡೆಯಬಹುದು. ಯುರೋಪಿನ ಒಕ್ಕೂಟದ ಪ್ರಜೆಗಳಿಗಿಂತ ಹೊರಗಿನವರ ಶುಲ್ಕ ಬಹಳ ಹೆಚ್ಚು, ವಿದ್ಯಾರ್ಥಿವೇತನಗಳು ಕೆಲವೇ. ಲೈಡನ್ನಿನಲ್ಲಿ ಬಾಡಿಗೆಯ ಕೋಣೆ ಸಿಕ್ಕುವುದು ಪ್ರವೇಶ ಸಿಕ್ಕುವುದಕ್ಕಿಂತಲೂ ಕಷ್ಟವೆಂದು ವಿದ್ಯಾರ್ಥಿಗಳು ಹೇಳುವ ಮಾತು ಪೂರ್ತಿ ಹಾಸ್ಯವಲ್ಲ. ಒಂದು ಭ್ರಮೆಯನ್ನು ಮಾತ್ರ ಮೊದಲೇ ಕಳೆದುಕೊಳ್ಳಬೇಕು. ಇಂಗ್ಲಿಷಿನಲ್ಲಿ ಪಡೆದ ಎಲ್ಎಲ್.ಎಂ. ಪದವಿಯಿಂದ ನೆದರ್ಲೆಂಡ್ಸ್‌ನಲ್ಲಿ ವಕೀಲಿ ಮಾಡುವ ಅಧಿಕಾರ ಬರುವುದಿಲ್ಲ. ಅದಕ್ಕೆ ಡಚ್ ಕಾನೂನಿನ ಸ್ನಾತಕ ಮತ್ತು ಸ್ನಾತಕೋತ್ತರ ವ್ಯಾಸಂಗಗಳೆರಡೂ ಬೇಕು. ಭಾರತದಲ್ಲಿಯೂ 1961ರ ವಕೀಲರ ಅಧಿನಿಯಮದಂತೆ ವೃತ್ತಿಯ ಹಕ್ಕು ದೊರೆಯುವುದು ಎಲ್ಎಲ್.ಬಿ. ಪದವಿಯಿಂದಲೇ ಹೊರತು ಅದರ ಮೇಲಿನದರಿಂದಲ್ಲ. ನಮ್ಮಲ್ಲಿ ಎರಡು ವರ್ಷಗಳದ್ದಾಗಿದ್ದ ಎಲ್ಎಲ್.ಎಂ. ವ್ಯಾಸಂಗವನ್ನು ಒಂದೇ ವರ್ಷದಲ್ಲಿ ಮುಗಿಸಲು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2013ರ ಸುಮಾರಿಗೆ ಅವಕಾಶವಿತ್ತಿತು. 2021ರ ಆರಂಭದಲ್ಲಿ ಭಾರತೀಯ ವಕೀಲರ ಪರಿಷತ್ತು ಏಕವರ್ಷದ ಪದವಿಯನ್ನು ನಿಲ್ಲಿಸುವ ನಿಯಮಗಳನ್ನು ಹೊರಡಿಸಿದಾಗ ಅವು ಸುಪ್ರೀಂ ಕೋರ್ಟಿನಲ್ಲಿ ವಿವಾದಕ್ಕೆ ಗುರಿಯಾದವು. ಆದುದರಿಂದ ಸ್ವದೇಶಕ್ಕೆ ಮರಳಿ ಅಧ್ಯಾಪಕರಾಗಬೇಕೆನ್ನುವವರು, ತಾವು ತರುವ ವಿದೇಶೀ ಪದವಿಗೆ ಇಲ್ಲಿ ಯಾವ ಸಮಾನತೆ ಸಲ್ಲುತ್ತದೆಂಬುದನ್ನು ಹೊರಡುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಕ್ಷೇಮ.